ಅಳಿವೆಗೆ ರಾಮ್ಸರ್ ಪಟ್ಟ, ಹೊಳೆಗೆ ಪಂಪು: ಅಘನಾಶಿನಿಯ ಗೊಂದಲ ಬಿಡಿಸಿದರೆ

ಉತ್ತರ ಕನ್ನಡದ ಅಘನಾಶಿನಿ ನದಿಯ ಬಗ್ಗೆ ಎರಡು ವರ್ಷಗಳಿಂದ ಬರುತ್ತಿರುವ ಸುದ್ದಿಗಳನ್ನು ಒಟ್ಟಿಗೆ ಹರಡಿಕೊಂಡು ಕೂತರೆ ಯಾರಿಗಾದರೂ ತಲೆ ಸುತ್ತಬೇಕು. 2024ರ ಜನವರಿ 31ರಂದು ಈ ನದಿಯ ಅಳಿವೆ, ಅಂದರೆ ಹೊಳೆ ಸಮುದ್ರ ಸೇರುವ ಜಾಗ, ರಾಮ್ಸರ್ ತಾಣವಾಯಿತು ಎಂದು ಪ್ರಕಟಣೆ ಬಂತು. ಜುಲೈ 31ರಂದು ಪಶ್ಚಿಮ ಘಟ್ಟದ ಸೂಕ್ಷ್ಮ ಪರಿಸರ ಪ್ರದೇಶದ ಆರನೇ ಕರಡು ಅಧಿಸೂಚನೆ ಹೊರಬಿತ್ತು. ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ, ಆ ಕರಡಿಗೆ ಆಧಾರವಾದ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಈ ಮಧ್ಯೆ ಇದೇ ಹೊಳೆಯ ನೀರನ್ನು ಎತ್ತಿ ಚಿತ್ರದುರ್ಗದ ವಾಣಿವಿಲಾಸ ಸಾಗರದ ಕಡೆಗೆ ಒಯ್ಯುವ ಅಘನಾಶಿನಿ–ವೇದಾವತಿ ಜೋಡಣೆಯ ಪ್ರಸ್ತಾಪ ಮೇಲೆದ್ದಿದೆ.

ಜಗತ್ತಿನ ಮಹತ್ವದ ಜೌಗು ತಾಣ ಎಂದು ಪಟ್ಟ ಕಟ್ಟಿದ ಮೇಲೂ ಅದಕ್ಕೆ ನೀರು ತರುವ ಹೊಳೆಯನ್ನು ತಿರುಗಿಸುವ ಮಾತು ಹೇಗೆ ಬರುತ್ತದೆ ಎಂಬುದು ಓದುಗರ ಪ್ರಶ್ನೆ. ಉತ್ತರ ಸಣ್ಣದು. ನಮ್ಮ ಪಟ್ಟಗಳು, ಗಡಿಗಳು, ಅಧಿಸೂಚನೆಗಳು ಬಹುತೇಕ ಜಾಗವನ್ನು ಕಾಯುತ್ತವೆ. ಅಳಿವೆ ಬದುಕುವುದು ಜಾಗದಿಂದಲ್ಲ, ಆ ಜಾಗಕ್ಕೆ ಯಾವ ತಿಂಗಳು ಎಷ್ಟು ನೀರು ಬರುತ್ತದೆ ಎಂಬುದರಿಂದ. ವಿವರಣೆ ಮಾತ್ರ ಸ್ವಲ್ಪ ಉದ್ದವಾಗುತ್ತದೆ.

ಮೊದಲೇ ಒಂದು ಸ್ಪಷ್ಟೀಕರಣ. ಉತ್ತರ ಕನ್ನಡ–ಶಿವಮೊಗ್ಗ ಭಾಗದಲ್ಲಿ ಮೂರು ಬೇರೆ ಬೇರೆ ಯೋಜನೆಗಳು ಒಂದೇ ಉಸಿರಿನಲ್ಲಿ ಸುದ್ದಿಯಾಗುತ್ತಿವೆ. ಶರಾವತಿ ಪಂಪ್ಡ್ ಸ್ಟೋರೇಜ್ ಎಂಬುದು 2000 ಮೆಗಾವಾಟ್‌ನ ವಿದ್ಯುತ್ ಯೋಜನೆ. ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ ಅದೇ ನೀರನ್ನು ಮೇಲೆ ಕೆಳಗೆ ಮಾಡುತ್ತದೆ, ಕಣಿವೆಯಿಂದ ಹೊರಗೆ ಒಯ್ಯುವುದಿಲ್ಲ. ಬೇಡ್ತಿ–ವರದಾ ಮತ್ತು ಅಘನಾಶಿನಿ–ವೇದಾವತಿ ಹಾಗಲ್ಲ. ಪಡುವಣಕ್ಕೆ ಹರಿಯುವ ನೀರನ್ನು ಮೂಡಣಕ್ಕೆ ತಿರುಗಿಸುವುದೇ ಅವುಗಳ ಉದ್ದೇಶ. ಈ ಲೇಖನ ಅಘನಾಶಿನಿಗೆ ಸೀಮಿತ.

ಅಣೆಕಟ್ಟಿಲ್ಲದ ಹೊಳೆ

ಉತ್ತರ ಕನ್ನಡದಲ್ಲಿ ಸಮುದ್ರ ಸೇರುವ ದೊಡ್ಡ ನದಿಗಳು ನಾಲ್ಕು. ಉತ್ತರದಿಂದ ಎಣಿಸಿದರೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ಗಂಗಾವಳಿಗೆ ಘಟ್ಟದ ಮೇಲೆ ಬೇಡ್ತಿ ಎಂದು ಹೆಸರು. ಕಾಳಿಗೆ ಸೂಪಾದಿಂದ ಕದ್ರಾದವರೆಗೆ ಸಾಲು ಅಣೆಕಟ್ಟುಗಳಿವೆ. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ, ಆಮೇಲೆ ಕೆಳಗೆ ಗೇರುಸೊಪ್ಪ. ಬೇಡ್ತಿಗೆ ಕಟ್ಟಬೇಕೆಂದಿದ್ದ ಜಲವಿದ್ಯುತ್ ಅಣೆಕಟ್ಟು 1980ರ ದಶಕದ ಆರಂಭದಲ್ಲಿ ಶಿರಸಿ, ಯಲ್ಲಾಪುರ ಕಡೆಯ ಅಡಿಕೆ ಬೆಳೆಗಾರರ ವಿರೋಧದಿಂದ ನಿಂತಿತು. ಅಘನಾಶಿನಿಗೆ ಅಡ್ಡಲಾಗಿ ದೊಡ್ಡ ಅಣೆಕಟ್ಟು ಎಂದೂ ಆಗಲಿಲ್ಲ. ಇದರ ದಡದಲ್ಲಿ ದೊಡ್ಡ ಕಾರ್ಖಾನೆಯೂ ಇಲ್ಲ. ತದಡಿಯಲ್ಲಿ 4000 ಮೆಗಾವಾಟ್‌ನ ಉಷ್ಣ ವಿದ್ಯುತ್ ಸ್ಥಾವರ ತರಲು 2000ದ ದಶಕದಲ್ಲಿ ನಡೆದ ಪ್ರಯತ್ನವೂ ವಿರೋಧದಿಂದ ಕೈಬಿಟ್ಟುಹೋಯಿತು.

ನದಿ ಹುಟ್ಟುವುದು ಶಿರಸಿಯ ಬಳಿ; ಪೇಟೆಯ ಶಂಕರಹೊಂಡದ ಕಡೆಯಿಂದ ಒಂದು ಕವಲು, ಮಂಜುಗುಣಿ ಕಡೆಯಿಂದ ಇನ್ನೊಂದು. ಸಮುದ್ರ ಅಲ್ಲಿಂದ ನೇರ ಗೆರೆಯಲ್ಲಿ ಐವತ್ತು ಕಿಲೋಮೀಟರ್ ಆಸುಪಾಸು. ಆದರೆ ಹೊಳೆ ಸುತ್ತಿಬಳಸಿ ಸುಮಾರು 120 ಕಿ.ಮೀ. ಹರಿಯುತ್ತದೆ. ಸಿದ್ದಾಪುರ ತಾಲ್ಲೂಕಿನ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ ಆಳವಾದ ಕಣಿವೆಗೆ ಇಳಿಯುತ್ತದೆ. ಸಂತೆಗುಳಿ, ಉಪ್ಪಿನಪಟ್ಟಣ, ಮಿರ್ಜಾನ್ ದಾಟಿ ಅಘನಾಶಿನಿ ಊರು ಮತ್ತು ತದಡಿಯ ನಡುವೆ ಅರಬ್ಬಿ ಸಮುದ್ರ ಸೇರುತ್ತದೆ.

ನಡುವಿನ ಕಣಿವೆಯೇ ಈ ನದಿಯ ಉಗ್ರಾಣ. ಇಲ್ಲಿನ ನಿತ್ಯಹರಿದ್ವರ್ಣ ಕಾನುಗಳಲ್ಲಿ ಸಿಂಗಳೀಕದ ಇಂದಿನ ನೆಲೆಗಳ ಪೈಕಿ ಅತ್ಯಂತ ಉತ್ತರದ್ದಿದೆ. ಶರಾವತಿ–ಅಘನಾಶಿನಿ ನಡುವಿನ ಕಾಡಿನಲ್ಲಿ ರಾಮಪತ್ರೆ ಜಡ್ಡಿಗಳಿವೆ. ವರ್ಷವಿಡೀ ನೀರು ಜಿನುಗುವ ಕೆಸರು ತಗ್ಗುಗಳು ಅವು; ಉಸಿರಾಟಕ್ಕಾಗಿ ಮೊಣಕಾಲಿನಂತೆ ಬೇರುಗಳನ್ನು ಮೇಲಕ್ಕೆತ್ತಿದ ಮರಗಳು ಅಲ್ಲಿ ನಿಂತಿವೆ. ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಆಮೇಲಿನ ಎಂಟು ತಿಂಗಳು ಹೊಳೆಯಲ್ಲಿ ಕಾಣುವ ನೀರೆಲ್ಲ ಈ ಕಾನುಗಳೂ ಜಂಬಿಟ್ಟಿಗೆ ನೆಲವೂ ಹೀರಿಟ್ಟುಕೊಂಡು ಬಿಟ್ಟದ್ದು.

ಒಂದೇ ಅಳಿವೆ, ಮಳೆಗಾಲಕ್ಕೆ ಅಕ್ಕಿ, ಬೇಸಗೆಗೆ ಉಪ್ಪು

ಕುಮಟಾ ತಾಲ್ಲೂಕಿನ ಈ ಅಳಿವೆಯಲ್ಲಿ ಒಂದು ವಿಚಿತ್ರವಿದೆ. ಇದರ ಅಂಚಿನ ಗದ್ದೆಗಳಲ್ಲಿ ಮಳೆಗಾಲದಲ್ಲಿ ಭತ್ತ ಬೆಳೆಯುತ್ತದೆ. ಇದೇ ಅಳಿವೆಯ ನೀರಿನಿಂದ ಸಾಣಿಕಟ್ಟಾದ ಆಗರಗಳಲ್ಲಿ ಬೇಸಗೆಯಲ್ಲಿ ಉಪ್ಪು ತೆಗೆಯುತ್ತಾರೆ. ಭತ್ತಕ್ಕೆ ಉಪ್ಪು ಇಳಿಯಬೇಕು, ಆಗರಕ್ಕೆ ಉಪ್ಪು ಏರಬೇಕು. ಒಂದೇ ನೀರು ಎರಡನ್ನೂ ಕೊಡುತ್ತದೆ.

ಅದಕ್ಕೆ ಕಾರಣ ಹೀಗಿದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಜುಲೈ, ಆಗಸ್ಟ್‌ನಲ್ಲಿ ನೆರೆ ಬಂದಾಗ ಅಳಿವೆಯ ಬಹುಭಾಗ ಸಿಹಿನೀರೇ ಆಗುತ್ತದೆ. ಮಳೆ ಹಿಂದೆ ಸರಿದಂತೆ, ಭಾರವಾದ ಉಪ್ಪುನೀರು ಸಿಹಿನೀರಿನ ಅಡಿಯಲ್ಲಿ ಬೆಣೆಯಂತೆ ನುಗ್ಗಿ ಉಬ್ಬರದ ಜೊತೆ ಒಳನಾಡಿಗೆ ತೆವಳುತ್ತದೆ. ಮಾರ್ಚ್–ಮೇ ಹೊತ್ತಿಗೆ ಅಳಿವೆಯ ಬಾಯಿಯ ಕಡೆ ನೀರು ಹೆಚ್ಚುಕಡಿಮೆ ಸಮುದ್ರವೇ. ಈ ಏರಿಳಿತ ವರ್ಷಕ್ಕೊಮ್ಮೆ ತಪ್ಪದೆ ನಡೆಯುವುದೇ ಅಳಿವೆಯ ಬಂಡವಾಳ.

ಇದನ್ನು ಕೈಯಲ್ಲಿ ಹಿಡಿದು ತೋರಿಸುವುದು ಗಜನಿ ಗದ್ದೆ. ಗಜನಿ ಎಂದರೆ ಉಬ್ಬರದ ಮಟ್ಟಕ್ಕಿಂತ ತಗ್ಗಿನಲ್ಲಿರುವ, ಕಟ್ಟು ಹಾಕಿ ಸಮುದ್ರದ ನೀರನ್ನು ತಡೆದ ಭೂಮಿ. ಕಟ್ಟಿನಲ್ಲಿ ಅಲ್ಲಲ್ಲಿ ಹಲಗೆಯ ಬಾಗಿಲಿನ ತೂಬುಗಳಿರುತ್ತವೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಇಳಿತದ ಹೊತ್ತಿಗೆ ಬಾಗಿಲು ತೆರೆದು, ನೆಲದಲ್ಲಿ ಕೂತ ಉಪ್ಪನ್ನು ಕರಗಿಸಿಕೊಂಡ ಮಳೆನೀರನ್ನು ಹೊರಗೆ ಬಿಡಬೇಕು. ಉಬ್ಬರ ಏರುವ ಮುನ್ನ ಮುಚ್ಚಬೇಕು. ಹೀಗೆ ದಿನಕ್ಕೆರಡು ಬಾರಿ. ಹೊರಗಿನ ಹೊಳೆನೀರು ಆ ಹೊತ್ತಿಗೆ ಸಿಹಿಯಾಗಿದ್ದರೆ ಮಾತ್ರ ಈ ತೊಳೆಯುವಿಕೆ ಬೇಗ ಮುಗಿಯುತ್ತದೆ. ತಡವಾದರೆ ಎಳೆ ಸಸಿ ಸುಡುತ್ತದೆ. ಇಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪನ್ನೂ ನೆರೆಯಲ್ಲಿ ಮುಳುಗಿ ನಿಲ್ಲುವುದನ್ನೂ ತಾಳಿಕೊಳ್ಳುತ್ತದೆ, ಆದರೆ ಮೊಳಕೆಯ ಕಾಲದಲ್ಲಿ ಅದಕ್ಕೂ ಒಂದು ಮಿತಿಯಿದೆ. ಕೊಯ್ಲಿನಲ್ಲಿ ತೆನೆಯ ಭಾಗವನ್ನಷ್ಟೇ ಕೊಯ್ದು ಉದ್ದನೆಯ ದಂಟನ್ನು ಗದ್ದೆಯಲ್ಲೇ ಬಿಡುತ್ತಾರೆ. ಆಮೇಲೆ ಲೆಕ್ಕ ತಿರುಗುಮುರುಗು: ಉಬ್ಬರಕ್ಕೆ ಬಾಗಿಲು ತೆರೆದು ಉಪ್ಪುನೀರನ್ನೂ ಅದರೊಂದಿಗೆ ಸಿಗಡಿ, ಮೀನಿನ ಮರಿಗಳನ್ನೂ ಒಳಗೆ ಕರೆದುಕೊಳ್ಳುತ್ತಾರೆ. ಕೊಳೆಯುವ ದಂಟೇ ಅವುಗಳ ಮೇವು. ಗೊಬ್ಬರವಿಲ್ಲ, ಔಷಧಿಯಿಲ್ಲ.

ಕಟ್ಟು ಮತ್ತು ಬಾಗಿಲು ಊರಿನ ಎಲ್ಲರದ್ದು. ಒಬ್ಬರು ಬಾಗಿಲು ಕಾಯದಿದ್ದರೆ ಎಲ್ಲರ ಗದ್ದೆಗೂ ಉಪ್ಪು. ಹಿಂದೆ ಈ ವ್ಯವಸ್ಥೆ ಕೆಟ್ಟದ್ದು ಸಿಗಡಿ ಕೃಷಿಯ ಭರಾಟೆಯಲ್ಲಿ. ಗದ್ದೆಗಳನ್ನು ವರ್ಷವಿಡೀ ಉಪ್ಪುನೀರಿನ ಕೊಳ ಮಾಡಿದರು. 1990ರ ದಶಕದಲ್ಲಿ ಬಿಳಿಚುಕ್ಕೆ ರೋಗ ಬಂದು ಸಿಗಡಿ ನೆಲಕಚ್ಚಿತು. ಹಲವೆಡೆ ಭತ್ತಕ್ಕೆ ಮರಳಲಾಗದೆ ಭೂಮಿ ಹಾಳುಬಿತ್ತು, ಅಲ್ಲಿ ಈಗ ಕಾಂಡ್ಲಾ (ಮ್ಯಾಂಗ್ರೋವ್) ಬೆಳೆದಿದೆ. ಉಪ್ಪಿನ ಋತುಚಕ್ರವನ್ನು ಒಂದೇ ಕಡೆಗೆ ಎಳೆದರೆ ಏನಾಗುತ್ತದೆ ಎಂಬುದಕ್ಕೆ ಹೊಸ ಅಧ್ಯಯನ ಬೇಕಿಲ್ಲ.

ಚಿಪ್ಪಿಕಲ್ಲಿನ ಕಥೆ ಇನ್ನೂ ನಾಜೂಕು. ಬೆಳಚು, ಕಲ್ವ ಮೊದಲಾದವು ನೀರನ್ನು ಸೋಸಿ ತಿನ್ನುವ ಜೀವಿಗಳು. ಮರಿಗಳು ಈಜಿ ದೂರ ಹೋಗಲಾರವು. ತೇಲಿಬಂದು ತಳದ ಮರಳು, ಕೆಸರು, ಕಲ್ಲಿಗೆ ಕೂತಲ್ಲೇ ಬದುಕಬೇಕು. ಒಂದೊಂದು ಜಾತಿಗೆ ಒಂದೊಂದು ಮಟ್ಟದ ಉಪ್ಪು ಹಿತ. ಮಳೆ ಮುಗಿದು ಉಪ್ಪು ನಿಧಾನವಾಗಿ ಏರುವ ತಿಂಗಳುಗಳಲ್ಲಿ ಅಳಿವೆಯ ಉದ್ದಕ್ಕೂ ಜಾತಿಗಳು ತಮ್ಮ ತಮ್ಮ ಪಟ್ಟಿಯನ್ನು ಹಿಡಿಯುತ್ತವೆ. ಆಮೇಲೆ ಇಳಿತದ ಹೊತ್ತಿಗೆ ಮೊಣಕಾಲು ನೀರಿನಲ್ಲಿ ಕೂತು ಇವನ್ನು ಆಯುವವರಲ್ಲಿ ಹೆಂಗಸರೇ ಹೆಚ್ಚು. ಮೀನುಗಾರಿಕೆ, ಚಿಪ್ಪಿಕಲ್ಲು, ಏಡಿ, ಗಜನಿ ಗದ್ದೆ, ಉಪ್ಪು ಇಷ್ಟರಿಂದ 6,000ದಿಂದ 7,500 ಕುಟುಂಬಗಳು ಬದುಕುತ್ತವೆ ಎಂದು ರಾಮ್ಸರ್ ಘೋಷಣೆಯ ಹೊತ್ತಿನಲ್ಲಿ ಕೇಂದ್ರ ಸರಕಾರದ ಪ್ರಕಟಣೆಯೇ ಹೇಳಿತ್ತು.

ಪಕ್ಕದ ಶರಾವತಿ ತೋರಿಸುವುದು

ಸಿಹಿನೀರು ಕಡಿಮೆಯಾದರೆ ತೊಂದರೆ ಎಂದಷ್ಟೇ ತಿಳಿದರೆ ಅರ್ಧ ತಿಳಿದಂತೆ. ಹೆಚ್ಚಾದರೂ ತೊಂದರೆಯೇ. ದಕ್ಷಿಣಕ್ಕೆ ಒಂದು ಹೆಜ್ಜೆ ಇಟ್ಟರೆ ಹೊನ್ನಾವರದ ಶರಾವತಿ ಅಳಿವೆ ಸಿಗುತ್ತದೆ. ಲಿಂಗನಮಕ್ಕಿ ತುಂಬಿಕೊಂಡ ಮಳೆಗಾಲದ ನೀರು ವಿದ್ಯುತ್ ತಯಾರಾದಂತೆಲ್ಲ ಗೇರುಸೊಪ್ಪದಿಂದ ಬೇಸಗೆಯಲ್ಲೂ ಕೆಳಗೆ ಬರುತ್ತಲೇ ಇರುತ್ತದೆ. ಹಾಗಾಗಿ ಉಪ್ಪು ಏರಬೇಕಾದ ಕಾಲದಲ್ಲಿ ಏರುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿಗಳು ಎರಡೂ ಅಳಿವೆಗಳನ್ನು ಹೋಲಿಸಿ ನೋಡಿದ್ದಾರೆ. ಉಪ್ಪು ಬೇಡುವ ಚಿಪ್ಪಿಕಲ್ಲಿನ ಜಾತಿಗಳು ಶರಾವತಿಯಲ್ಲಿ ಕುಗ್ಗಿವೆ, ಅಘನಾಶಿನಿಯಲ್ಲಿ ಉಳಿದಿವೆ.

ಒಂದೇ ಕರಾವಳಿ, ಒಂದೇ ಮಳೆ, ಹೆಚ್ಚುಕಡಿಮೆ ಒಂದೇ ಮಣ್ಣು. ವ್ಯತ್ಯಾಸ ಇರುವುದು ನೀರು ಬರುವ ಕಾಲದಲ್ಲಿ. ಆದ್ದರಿಂದ ‘ವರ್ಷಕ್ಕೆ ಒಟ್ಟು ಇಷ್ಟು ಟಿಎಂಸಿ ಹರಿಯುತ್ತದೆ, ಅದರಲ್ಲಿ ಇಷ್ಟೇ ತೆಗೆಯುತ್ತೇವೆ’ ಎಂಬ ಮಾತು ಅಳಿವೆಯ ಮಟ್ಟಿಗೆ ಏನನ್ನೂ ಹೇಳುವುದಿಲ್ಲ.

ಯಾವ ಕಾನೂನು ಏನನ್ನು ಹಿಡಿಯುತ್ತದೆ?

ರಾಮ್ಸರ್ ಎಂಬುದು ಇರಾನಿನ ಒಂದು ಊರು. 1971ರಲ್ಲಿ ಅಲ್ಲಿ ಆದ ಒಪ್ಪಂದಕ್ಕೆ ಭಾರತ 1982ರಲ್ಲಿ ಸೇರಿತು. 2024ರ ಆ ಪ್ರಕಟಣೆಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್, ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರ ಪಟ್ಟಿಗೆ ಸೇರಿದವು. ಅಲ್ಲಿಯವರೆಗೆ ಕರ್ನಾಟಕಕ್ಕೆ ಇದ್ದದ್ದು ರಂಗನತಿಟ್ಟು ಒಂದೇ. ಈ ಒಪ್ಪಂದದ ಜೀವಾಳ ‘ವಿವೇಕದ ಬಳಕೆ’, ನಿಷೇಧವಲ್ಲ. ಮೀನು ಹಿಡಿಯಬಾರದು, ಚಿಪ್ಪಿ ಆಯಬಾರದು ಎಂದು ಅದು ಹೇಳುವುದಿಲ್ಲ; ಆ ಭಯ ತದಡಿ, ಹೆಗಡೆ ಕಡೆ ಹಬ್ಬಿದ್ದರೆ ಅದಕ್ಕೆ ಆಧಾರವಿಲ್ಲ. ತಾಣದ ಪರಿಸರ ಗುಣ ಬದಲಾದರೆ ದೇಶ ಅದನ್ನು ಒಪ್ಪಂದದ ಕಚೇರಿಗೆ ತಿಳಿಸಬೇಕು, ಅಷ್ಟೆ. ದಂಡ ಹಾಕುವ ಪೊಲೀಸು ಅಲ್ಲಿಲ್ಲ.

ದಂಡದ ಕೆಲಸ ದೇಶದ ಕಾನೂನಿನದ್ದು. ಇಲ್ಲಿಯೇ ಸ್ವಾರಸ್ಯ. 2017ರ ಜೌಗು ಪ್ರದೇಶ ನಿಯಮಗಳು ರಾಮ್ಸರ್ ತಾಣಗಳಿಗೆ ಅನ್ವಯ ಎಂದು ಒಂದು ಸಾಲಿನಲ್ಲಿ ಹೇಳುತ್ತವೆ. ಮುಂದಿನ ಸಾಲಿನಲ್ಲೇ, ಅರಣ್ಯ ಕಾಯ್ದೆ, ವನ್ಯಜೀವಿ ಕಾಯ್ದೆ ಮತ್ತು ಕರಾವಳಿ ನಿಯಂತ್ರಣ ವಲಯದ ವ್ಯಾಪ್ತಿಯಲ್ಲಿರುವ ಜೌಗಿಗೆ ಅನ್ವಯವಿಲ್ಲ ಎನ್ನುತ್ತವೆ. ಉಬ್ಬರ ಇಳಿತ ಆಡುವ ಅಳಿವೆ ಕರಾವಳಿ ನಿಯಂತ್ರಣ ವಲಯಕ್ಕೇ ಸೇರಿದ್ದು. ಸಾಲದ್ದಕ್ಕೆ ಆ ನಿಯಮಗಳ ವ್ಯಾಖ್ಯಾನದಲ್ಲಿ ನದಿಯ ಪಾತ್ರ ‘ಜೌಗು’ ಅಲ್ಲ, ಭತ್ತದ ಗದ್ದೆಯೂ ಅಲ್ಲ, ಉಪ್ಪಿನ ಆಗರವೂ ಅಲ್ಲ. ಅಂದರೆ ಕಗ್ಗ, ಉಪ್ಪು, ಹೊಳೆ ಮೂರನ್ನೂ ತೆಗೆದಿಟ್ಟ ಮೇಲೆ ಉಳಿದ ಅಳಿವೆಯನ್ನು ಇನ್ನೊಂದು ಕಾನೂನಿನ ಕೈಗೆ ಒಪ್ಪಿಸಿ ಕೂತಿದೆ ಈ ನಿಯಮ.

ಹಾಗಾದರೆ 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆ ಏನು ಮಾಡುತ್ತದೆ? ಕಾಂಡ್ಲಾವನ್ನು, ಉಬ್ಬರ–ಇಳಿತದ ನಡುವಿನ ಪಟ್ಟಿಯನ್ನು ಕಾಯುತ್ತದೆ. ದಡದಲ್ಲಿ ಏನು ಕಟ್ಟಬಹುದು, ಎಲ್ಲಿ ಕೂಡದು ಎಂದು ಹೇಳುತ್ತದೆ. ಒಳನಾಡಿನ ಹೊಳೆಯಲ್ಲಿ ಈ ವಲಯ ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ಉಪ್ಪಿನಿಂದಲೇ ಅಳೆಯುತ್ತಾರೆ. ವರ್ಷದ ಅತ್ಯಂತ ಒಣ ಕಾಲದಲ್ಲಿ ಸಾವಿರಕ್ಕೆ ಐದು ಭಾಗ ಉಪ್ಪು ಸಿಗುವಲ್ಲಿಗೆ ಗಡಿ. ಮೇಲೆ ನೀರು ತೆಗೆದರೆ ಆ ಗೆರೆ ಇನ್ನಷ್ಟು ಒಳಕ್ಕೆ ಜರುಗಬಹುದು. ಹಾಗೆ ಜರುಗಿದರೆ ದಡದ ಬಾವಿಗೂ ತೋಟಕ್ಕೂ ಉಪ್ಪು ಬರುವುದಷ್ಟೇ ಅಲ್ಲ, ಮನೆ ಕಟ್ಟುವ ನಿಯಮವೂ ಬದಲಾಗುತ್ತದೆ. ಆದರೆ ಗೆರೆಯನ್ನು ಜರುಗಿಸಿದ ಘಟ್ಟದ ಮೇಲಿನ ಪಂಪಿನ ಬಗ್ಗೆ ಅಧಿಸೂಚನೆಗೆ ಹೇಳಲು ಏನೂ ಇಲ್ಲ.

ಸೂಕ್ಷ್ಮ ಪರಿಸರ ಪ್ರದೇಶದ ಕರಡು ರಾಜ್ಯದ 20,668 ಚದರ ಕಿ.ಮೀ.ಯನ್ನು ಒಳಗೊಳ್ಳುತ್ತದೆ. ಆರು ರಾಜ್ಯಗಳಲ್ಲಿ ಇದೇ ಅತಿ ದೊಡ್ಡ ಪಾಲು, ಉತ್ತರ ಕನ್ನಡದ್ದೇ ಆರುನೂರಕ್ಕೂ ಹೆಚ್ಚು ಹಳ್ಳಿಗಳು. ಗಣಿ, ಕಲ್ಲು ಕ್ವಾರಿ, ಮರಳುಗಾರಿಕೆ, ಹೊಸ ಉಷ್ಣ ವಿದ್ಯುತ್ ಸ್ಥಾವರ, ಕೆಂಪು ವರ್ಗದ ಹೊಸ ಕಾರ್ಖಾನೆ, 20,000 ಚದರ ಮೀಟರ್‌ಗೆ ಮೀರಿದ ಕಟ್ಟಡ ಇವು ನಿಷೇಧದ ಪಟ್ಟಿಯಲ್ಲಿವೆ. ಹಳೆಯ ಮನೆ ರಿಪೇರಿಗೆ, ಜಮೀನು ಮಾರಾಟಕ್ಕೆ, ತೋಟಕ್ಕೆ ಅಡ್ಡಿಯಿಲ್ಲ ಎಂಬುದು ಕರಡಿನಲ್ಲೇ ಇದ್ದರೂ ಊರೂರಿನ ಸಭೆಗಳಲ್ಲಿ ಅದು ಕೇಳಿಸುವುದೇ ಇಲ್ಲ. ಜಲವಿದ್ಯುತ್ತಿಗೆ ಷರತ್ತಿದೆ: ಬೇಸಗೆಯ ಹರಿವಿನ ಕನಿಷ್ಠ ಶೇ 30ರಷ್ಟನ್ನು ಹೊಳೆಗೆ ಬಿಡಬೇಕು. ನೀರನ್ನು ಕಣಿವೆಯಿಂದಲೇ ಹೊರಗೊಯ್ಯುವ ಜೋಡಣೆ ಮಾತ್ರ ನಿಷೇಧದ ಪಟ್ಟಿಯಲ್ಲಿಲ್ಲ. 2014ರಿಂದ ಆರು ಬಾರಿ ಕರಡಾಗಿ ಬಂದು, ಒಮ್ಮೆಯೂ ಅಂತಿಮವಾಗದ ಕಾಗದ ಬೇರೆ.

ಹರಿವಿನ ಬಗ್ಗೆ ನೇರವಾಗಿ ಮಾತಾಡುವ ಕಾನೂನು ಒಂದಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 29ನೇ ಸೆಕ್ಷನ್ ಪ್ರಕಾರ ಅಭಯಾರಣ್ಯದೊಳಗೆ ಬರುವ ಅಥವಾ ಅಲ್ಲಿಂದ ಹೊರಹೋಗುವ ನೀರನ್ನು ತಿರುಗಿಸುವುದಕ್ಕೆ, ನಿಲ್ಲಿಸುವುದಕ್ಕೆ, ಹೆಚ್ಚಿಸುವುದಕ್ಕೂ ಮುಖ್ಯ ವನ್ಯಜೀವಿ ಪರಿಪಾಲಕರ ಪರವಾನಗಿ ಬೇಕು. ಆ ಬದಲಾವಣೆ ಅಲ್ಲಿನ ವನ್ಯಜೀವಿಗಳ ಒಳಿತಿಗೇ ಅಗತ್ಯ ಎಂದು ಮನವರಿಕೆಯಾದರೆ ಮಾತ್ರ ಪರವಾನಗಿ. ಅಘನಾಶಿನಿಗೆ ಇದು ಅನ್ವಯವಾಗುವುದು ಹೇಗೆಂದರೆ, 2011ರಲ್ಲಿ ಘೋಷಿಸಿದ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶವನ್ನು 2019ರಲ್ಲಿ 930 ಚದರ ಕಿ.ಮೀ.ಯ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯದೊಳಗೆ ಸೇರಿಸಲಾಯಿತು. ‘ಒಳಗೆ ಬರುವ’ ಎಂಬ ಮಾತಿನಿಂದಾಗಿ ಅಭಯಾರಣ್ಯದ ಹೊರಗೆ, ಮೇಲ್ಗಡೆ ನೀರೆತ್ತಿದರೂ ಸೆಕ್ಷನ್ ತಟ್ಟಬಹುದು. ಅಳಿವೆಯ ರಕ್ಷಣೆಗೆ ಅಳಿವೆಯ ಪಟ್ಟಕ್ಕಿಂತ ಘಟ್ಟದ ಮಂಗನ ಪಟ್ಟ ಹೆಚ್ಚು ಗಟ್ಟಿ ಎನ್ನುವುದು ತಮಾಷೆಯಂತೆ ಕಂಡರೂ ಸದ್ಯದ ಕಾನೂನು ನಿಂತಿರುವುದು ಹಾಗೆಯೇ.

ಬಯಲುಸೀಮೆಯ ಮಾತೂ ಸುಳ್ಳಲ್ಲ

ಚಳ್ಳಕೆರೆ ರಾಜ್ಯದ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದು. ಚಿತ್ರದುರ್ಗದ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ. ವೇದಾವತಿಗೆ ಮೈಸೂರು ಅರಸರ ಕಾಲದಲ್ಲಿ, 1907ರಲ್ಲಿ ಮುಗಿದ ವಾಣಿವಿಲಾಸ ಸಾಗರ ಸುಮಾರು 30 ಟಿಎಂಸಿ ಹಿಡಿಯುತ್ತದೆ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳಲು 2022ರವರೆಗೆ ಕಾಯಬೇಕಾಯಿತು. ಈ ಸೀಮೆಗೆ ನೀರು ತರಬೇಕಾದ ಭದ್ರಾ ಮೇಲ್ದಂಡೆ ಯೋಜನೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ ಘೋಷಿಸಿದ 5,300 ಕೋಟಿ ರೂಪಾಯಿ ಬರಲೇ ಇಲ್ಲ ಎಂಬುದು ರಾಜ್ಯದ ದೂರು. ಇಷ್ಟೆಲ್ಲ ಇರುವಾಗ, ‘ಮಳೆಗಾಲದಲ್ಲಿ ಸಮುದ್ರಕ್ಕೆ ಸುಮ್ಮನೆ ಹೋಗುವ ನೀರಿನಲ್ಲಿ ಒಂದು ಪಾಲು ನಮಗೆ ಕೊಟ್ಟರೆ ಯಾರಿಗೆ ನಷ್ಟ?’ ಎಂದು ಅಲ್ಲಿನ ರೈತ ಕೇಳುವುದು ಅನ್ಯಾಯವಲ್ಲ.

ಘಟ್ಟದವರ ಉತ್ತರ ಬೇಡ್ತಿ–ಅಘನಾಶಿನಿ ಕೊಳ್ಳ ಸಂರಕ್ಷಣಾ ಸಮಿತಿ, ಸ್ವರ್ಣವಲ್ಲೀ ಮಠ ಮೊದಲಾದವುಗಳ ಮೂಲಕ ಬರುತ್ತಿದೆ: ಕಾಡು ಹೋಗುತ್ತದೆ, ಗುಡ್ಡ ಕುಸಿಯುತ್ತದೆ, ಬೇಸಗೆಯಲ್ಲಿ ನಮಗೇ ನೀರಿಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಗುಡ್ಡ ಜರಿದು ಜನರನ್ನೂ ವಾಹನಗಳನ್ನೂ ಗಂಗಾವಳಿಗೆ ತಳ್ಳಿದ ಮೇಲೆ ಈ ಭಯಕ್ಕೆ ತೂಕ ಬಂದಿದೆ. ಅಳಿವೆಯವರ ದನಿ ಇದರಲ್ಲಿ ಸಣ್ಣದು. ಅಡಿಕೆ ತೋಟಕ್ಕೆ ಪಹಣಿ ಇದೆ, ಇಳಿತದ ಕೆಸರಿಗೆ ಇಲ್ಲ. ಯೋಜನೆಯಿಂದ ನಷ್ಟವಾದವರ ಪಟ್ಟಿ ಮಾಡುವಾಗ ನಮ್ಮ ಪದ್ಧತಿ ಎಣಿಸುವುದು ಮುಳುಗಿದ, ಸ್ವಾಧೀನವಾದ ಭೂಮಿಯನ್ನು. ಅರವತ್ತು ಕಿಲೋಮೀಟರ್ ಕೆಳಗೆ ಬೆಳಚು ಸಿಗದೆ ಹೋದ ಹೆಂಗಸು ಆ ಪಟ್ಟಿಗೆ ಬರುವ ದಾರಿಯೇ ಇಲ್ಲ.

‘ಹೆಚ್ಚುವರಿ’ಯ ಗಣಿತ

ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಸುಮಾರು 2.83 ಕೋಟಿ ಘನ ಮೀಟರ್. ಮಳೆಗಾಲದ 120 ದಿನ ಹಗಲೂ ರಾತ್ರಿ ಪಂಪು ನಡೆಸಿದರೆ, ಪ್ರತಿ ಟಿಎಂಸಿಗೆ ಸೆಕೆಂಡಿಗೆ 96 ಘನ ಅಡಿ ನೀರನ್ನು ಒಂದೇ ಸಮನೆ ಎತ್ತಬೇಕು. ಹತ್ತು ಟಿಎಂಸಿಗೆ ಹತ್ತು ಪಟ್ಟು.

ಆದರೆ ಹೊಳೆ ಒಂದೇ ಸಮನೆ ಹರಿಯುವುದಿಲ್ಲ. ಘಟ್ಟದ ನೆರೆ ನಾಲ್ಕಾರು ದಿನಗಳ ಅಬ್ಬರ. ಬಂದಷ್ಟೇ ಬೇಗ ಇಳಿಯುತ್ತದೆ. ನೆರೆಯ ದಿನ ಪಂಪಿನ ಮಿತಿಯಷ್ಟನ್ನೇ ಎತ್ತಲು ಸಾಧ್ಯ, ಉಳಿದದ್ದೆಲ್ಲ ಸಮುದ್ರಕ್ಕೆ. ಅದೇ ಪಂಪು ಜೂನ್ ಮೊದಲ ವಾರದಲ್ಲೂ ಸೆಪ್ಟೆಂಬರ್ ಕೊನೆಯಲ್ಲೂ ಹೊಳೆಯಲ್ಲಿ ಇರುವ ಸ್ವಲ್ಪವೇ ನೀರಿನಲ್ಲಿ ದೊಡ್ಡ ಪಾಲು ಎಳೆಯುತ್ತದೆ. ಅಂದರೆ ನಿಜವಾಗಿ ಹೆಚ್ಚಾಗಿರುವ ದಿನ ಅದು ತೆಗೆಯುವುದು ಅತ್ಯಲ್ಪ. ತೆಗೆಯುವುದರ ಪೆಟ್ಟು ಬೀಳುವುದು ಮಳೆಗಾಲದ ಎರಡು ಅಂಚುಗಳ ಮೇಲೆ. ಗಜನಿಯ ಉಪ್ಪು ತೊಳೆಯಬೇಕಾದದ್ದು ಮೊದಲ ಅಂಚಿನಲ್ಲಿ. ಕಗ್ಗ ತೆನೆಗಟ್ಟುವುದು, ಚಿಪ್ಪಿಮರಿ ನೆಲೆ ಹುಡುಕುವುದು ಎರಡನೆಯದರಲ್ಲಿ.

ನೆರೆಯನ್ನೇ ಹಿಡಿಯಬೇಕೆಂದರೆ ಅಣೆಕಟ್ಟು ಬೇಕು. ಆಗ ಕಾಡು ಮುಳುಗುತ್ತದೆ ಎಂಬುದು ಎಲ್ಲರಿಗೂ ಕಾಣುವ ನಷ್ಟ. ಕಾಣದ್ದು ಹೂಳು. ಅಳಿವೆಯ ಮರಳುದಿಬ್ಬ, ಕೆಸರುಪಟ್ಟಿ, ಕಾಂಡ್ಲಾ ನಿಲ್ಲುವ ನೆಲ ಇವೆಲ್ಲ ನೆರೆ ಹೊತ್ತು ತಂದದ್ದು. ಹೂಳನ್ನು ಅಣೆಕಟ್ಟು ಹಿಡಿದರೆ ಅಲೆ ಕೊರೆದ ದಡಕ್ಕೆ ಮರುಪೂರಣ ಇಲ್ಲ. ಅಳಿವೆಯ ಬಾಯಿಯಲ್ಲಿ ಕೂಡುವ ಮರಳನ್ನು ತಳ್ಳಿ ದೋಣಿಗಳಿಗೆ ದಾರಿ ತೆರೆಯುವುದೂ ಇದೇ ನೆರೆ.

ವಿದ್ಯುತ್ತಿನ ಲೆಕ್ಕವೂ ಒಂದಿರಲಿ. ಒಂದು ಟಿಎಂಸಿ ನೀರನ್ನು ನೂರು ಮೀಟರ್ ಎತ್ತರಕ್ಕೆ ಏರಿಸಲು ಭೌತಶಾಸ್ತ್ರದ ಪ್ರಕಾರ ಕನಿಷ್ಠ 77 ಲಕ್ಷ ಯೂನಿಟ್ ಬೇಕು. ಪಂಪು, ಮೋಟಾರು, ಕೊಳವೆಯ ನಷ್ಟ ಸೇರಿಸಿ ದಕ್ಷತೆ ಶೇ 75 ಎಂದಿಟ್ಟರೆ ಒಂದು ಕೋಟಿ ದಾಟುತ್ತದೆ. ಎತ್ತರ ಹೆಚ್ಚಿದಷ್ಟೂ ಅದೇ ಪ್ರಮಾಣದಲ್ಲಿ ಖರ್ಚು, ಪ್ರತಿ ವರ್ಷ. ಉಂಚಳ್ಳಿಯ ಕೆಳಗಿನ ಕಣಿವೆಯಲ್ಲಿ ನೀರು ಹೆಚ್ಚು, ಎತ್ತುವ ಎತ್ತರವೂ ಹೆಚ್ಚು. ಮೇಲೆ ಎತ್ತರ ಕಡಿಮೆ, ನೀರೂ ಕಡಿಮೆ. ಎಂಜಿನಿಯರಿಗೆ ಇದರಿಂದ ತಪ್ಪಿಸಿಕೊಳ್ಳುವ ದಾರಿ ಇಲ್ಲ.

‘ಕುಡಿಯುವ ನೀರು’ ಎಂಬ ಹೆಸರು

ನೀರಾವರಿ ಯೋಜನೆ ದೊಡ್ಡದಾದರೆ 2006ರ ಅಧಿಸೂಚನೆಯಂತೆ ಪರಿಸರ ಪರಿಣಾಮ ಅಧ್ಯಯನ, ಸಾರ್ವಜನಿಕ ಅಹವಾಲು ಬೇಕು. ಕುಡಿಯುವ ನೀರಿನ ಯೋಜನೆಗೆ ಅದು ಬೇಕಿಲ್ಲ. ಎತ್ತಿನಹೊಳೆ ಸಾಗಿದ್ದು ಈ ಬಾಗಿಲಿನಿಂದ. ನೇತ್ರಾವತಿಯ ಮೇಲ್ಗಡೆಯ ಹಳ್ಳಗಳಿಂದ 24.01 ಟಿಎಂಸಿ ಎತ್ತುವ ಆ ಯೋಜನೆಗೆ 2012ರಲ್ಲಿ ಅಂದಾಜಿಸಿದ ವೆಚ್ಚ 8,323 ಕೋಟಿ ರೂಪಾಯಿ. ಈಗ ಅದು 23,000 ಕೋಟಿ ದಾಟಿದೆ. ಅಲ್ಲಿ ಸಿಗುವುದು 9.55 ಟಿಎಂಸಿ ಮಾತ್ರ ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನ ಲೆಕ್ಕ ಹಾಕಿತ್ತು. ಮೊದಲ ಹಂತ ಉದ್ಘಾಟನೆಯಾದದ್ದು 2024ರ ಸೆಪ್ಟೆಂಬರ್‌ನಲ್ಲಿ.

ಹೀಗಾಗಿ ಅಘನಾಶಿನಿ ಯೋಜನೆಯ ಶೀರ್ಷಿಕೆಯಲ್ಲಿ ಯಾವ ಪದವಿದೆ ಎಂಬುದು ಸಣ್ಣ ವಿಷಯವಲ್ಲ. ‘ಕುಡಿಯುವ ನೀರು’ ಎಂದಿದ್ದರೆ ಕುಮಟಾದಲ್ಲಿ ಅಹವಾಲು ಸಭೆಯೇ ನಡೆಯದಿರಬಹುದು. ಆದರೂ ಅರಣ್ಯ ಭೂಮಿಗೆ ಕೇಂದ್ರದ ಅನುಮತಿ, ಅಭಯಾರಣ್ಯ ತಟ್ಟಿದರೆ ವನ್ಯಜೀವಿ ಮಂಡಳಿಯ ಒಪ್ಪಿಗೆ ತಪ್ಪುವುದಿಲ್ಲ.

ವರದಿ ಬಂದಾಗ ಯಾವ ಪುಟ ತೆರೆಯಬೇಕು

ವಿವರವಾದ ಯೋಜನಾ ವರದಿಯಲ್ಲಿ ಮೊದಲು ಹುಡುಕಬೇಕಾದದ್ದು ನೀರೆತ್ತುವ ಜಾಗ: ಉಂಚಳ್ಳಿಯ ಮೇಲೋ ಕೆಳಗೋ, ಅಭಯಾರಣ್ಯದ ಗಡಿಯಿಂದ ಎಷ್ಟು ದೂರ. ಹರಿವಿನ ಅಂಕಿ ಎಲ್ಲಿಂದ ತಂದದ್ದು ಎಂಬುದು ಅನಂತರ. ಕೇಂದ್ರ ಜಲ ಆಯೋಗದ ಅಳತೆ ಕೇಂದ್ರ ಸಂತೆಗುಳಿಯಲ್ಲಿದೆ, ಅಂದರೆ ಘಟ್ಟದ ಬುಡದಲ್ಲಿ. ಅಲ್ಲಿನ ಹರಿವನ್ನು ಜಲಾನಯನದ ವಿಸ್ತೀರ್ಣಕ್ಕೆ ಭಾಗಿಸಿ ಮೇಲಿನ ಜಾಗಕ್ಕೆ ಹಚ್ಚುವುದು ಸುಲಭದ ದಾರಿ. ಆದರೆ ಪೂರ್ವದ ಶಿರಸಿ ಕಡೆಗಿಂತ ಘಟ್ಟದ ಇಳುಕಲಿನಲ್ಲಿ ಮಳೆ ಹೆಚ್ಚು ಬೀಳುವುದರಿಂದ ಆ ದಾರಿಯಲ್ಲಿ ಮೇಲ್ಗಡೆಯ ನೀರು ಇದ್ದದ್ದಕ್ಕಿಂತ ಹೆಚ್ಚು ಕಾಣುತ್ತದೆ.

ರಾಮ್ಸರ್ ಕಡೆಯಿಂದಲೂ ಒಂದು ದಾಖಲೆ ನೋಡಬೇಕಿದೆ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ದೇಶದ 85 ರಾಮ್ಸರ್ ತಾಣಗಳ ನಿಗಾ ಆಯಾ ಹೈಕೋರ್ಟುಗಳಿಗೆ ಒಪ್ಪಿಸಿತು. ಅಘನಾಶಿನಿಯೂ ಅದರಲ್ಲಿ ಸೇರುತ್ತದೆ. 2017ರ ನಿಯಮಗಳಲ್ಲಿ ‘ಪ್ರಭಾವ ವಲಯ’ ಎಂಬ ಕಲ್ಪನೆಯಿದೆ. ಜಲಾನಯನದ ಯಾವ ಭಾಗದಲ್ಲಿ ನಡೆಯುವ ಕೆಲಸದಿಂದ ಜೌಗಿಗೆ ಕೆಡುಕಾಗುತ್ತದೋ ಆ ಭಾಗವನ್ನು ನಕ್ಷೆಯಲ್ಲಿ ಗುರುತಿಸಬೇಕು. ಅಘನಾಶಿನಿಯ ನಿರ್ವಹಣಾ ಯೋಜನೆಯಲ್ಲಿ ಆ ಗೆರೆ ಮಿರ್ಜಾನಿನಲ್ಲೇ ನಿಂತರೆ ಅಳಿವೆಯ ಪಟ್ಟಕ್ಕೂ ಘಟ್ಟದ ಪಂಪಿಗೂ ಸಂಬಂಧವೇ ಇಲ್ಲದಂತಾಗುತ್ತದೆ. ಶಿರಸಿಯವರೆಗೆ ಹೋದರೆ, ಹೈಕೋರ್ಟಿನ ಮುಂದೆ ಇಡಲು ಒಂದು ನಕ್ಷೆಯಾದರೂ ಸಿಗುತ್ತದೆ.

ಮತ್ತೊಂದು, ವರದಿಯ ಕೊನೆಯ ಅನುಬಂಧಗಳಲ್ಲಿ ಎಲ್ಲೋ ಇರುವ ತಿಂಗಳುವಾರು ಕೋಷ್ಟಕ. ವರ್ಷದ ಒಟ್ಟು ಮೊತ್ತವನ್ನು ಬದಿಗಿಟ್ಟು ಜೂನ್, ಸೆಪ್ಟೆಂಬರ್, ಅಕ್ಟೋಬರ್ ಸಾಲುಗಳನ್ನಷ್ಟೇ ಓದಿ. ಆ ತಿಂಗಳುಗಳ ಹರಿವಿನಲ್ಲಿ ಪಂಪಿನ ಪಾಲೆಷ್ಟು, ಹೊಳೆಗೆ ಉಳಿದದ್ದೆಷ್ಟು ಎಂಬ ಎರಡು ಅಂಕಿ ಅಲ್ಲಿರಬೇಕು. ಕೋಷ್ಟಕವೇ ಇಲ್ಲದಿದ್ದರೆ, ಆ ವರದಿ ಬರೆದವರು ಅಳಿವೆಯನ್ನು ಲೆಕ್ಕಕ್ಕೇ ಹಿಡಿದಿಲ್ಲ.